ಗಡಿಯಾರಕ್ಕೆ ಗೀಟು, ಸ್ಲೇಟಿಗೂ ಗೀಟು: ಉತ್ತರ ಉಗಾಂಡಾದ ಒಂದು ಓದು-ಬರಹ ಕಾರ್ಯಕ್ರಮದ ಕಥೆ

ಒಂದು ಒಳ್ಳೆ ಕಾರ್ಯಕ್ರಮ ಇದೆ ಅಂದುಕೊಳ್ಳಿ. ಮಕ್ಕಳು ಓದು ಕಲಿಯುತ್ತಿದ್ದಾರೆ, ಟೀಚರುಗಳೂ ಖುಷಿಯಾಗಿದ್ದಾರೆ. ಆದರೆ ಖರ್ಚು ಜಾಸ್ತಿ. ಆಗ ಏನು ಮಾಡುತ್ತಾರೆ? ಸಾಮಾನಿನ ಪಟ್ಟಿ ತೆಗೆದು, ಯಾವುದು ಇಲ್ಲದಿದ್ದರೂ ನಡೆಯುತ್ತೋ ಅದರ ಮೇಲೆ ಗೀಟು ಹಾಕುತ್ತಾ ಹೋಗುತ್ತಾರೆ. 2013ರಲ್ಲಿ ಉತ್ತರ ಉಗಾಂಡಾದ ಲಾಂಗೊ ಸೀಮೆಯಲ್ಲಿ ಹೀಗೆ ಗೀಟು ಬಿದ್ದ ಸಾಮಾನುಗಳಲ್ಲಿ ಎರಡು: ತರಗತಿಯ ಗೋಡೆ ಗಡಿಯಾರ ಮತ್ತು ಮಕ್ಕಳ ಕೈಯ ಸ್ಲೇಟು.

ಇಂಥ ಉಳಿತಾಯ ಎಲ್ಲ ದೇಶದಲ್ಲೂ ದಿನಾ ನಡೆಯುತ್ತೆ. ಗೀಟು ಹಾಕಿದ ಮೇಲೆ ಮಕ್ಕಳ ಕಲಿಕೆ ಏನಾಯಿತು ಅಂತ ಯಾರೂ ತಿರುಗಿ ನೋಡುವುದಿಲ್ಲ. ಲಾಂಗೊದಲ್ಲಿ ನೋಡಿದರು. ಜೇಸನ್ ಕರ್ವಿನ್ ಮತ್ತು ರೆಬೆಕಾ ಥಾರ್ನ್‌ಟನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಪೂರ್ತಿ ಕಾರ್ಯಕ್ರಮ, ಕತ್ತರಿಸಿದ ಕಾರ್ಯಕ್ರಮ, ಏನೂ ಇಲ್ಲದ ಶಾಲೆ, ಮೂರನ್ನೂ ಪಕ್ಕ ಪಕ್ಕ ಇಟ್ಟು ಅಳೆದರು. ಫಲಿತಾಂಶ 2021ರಲ್ಲಿ ಅರ್ಥಶಾಸ್ತ್ರದ ಒಂದು ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಓದು-ಬರಹ ಕಲಿಸುವುದರ ಬಗ್ಗೆ ನಾನು ಓದಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ನೆನಪಾಗುವುದು ಇದೇ.

ಲಾಂಗೊ ಸೀಮೆ

ಲಾಂಗೊದ ದೊಡ್ಡ ಪಟ್ಟಣ ಲಿರಾ. ರಾಜಧಾನಿ ಕಂಪಾಲಾದಿಂದ ಉತ್ತರಕ್ಕೆ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಇಲ್ಲಿನ ಜನ ಆಡುವುದು ಲೆಬ್‌ಲಾಂಗೊ. ಲೆಬ್ ಅಂದರೆ ನಾಲಿಗೆ, ಭಾಷೆಗೂ ಅದೇ ಪದ. ಆಡುವವರು ಸುಮಾರು 20 ಲಕ್ಷ. ಕಂಪಾಲಾ ಕಡೆಯ ಲುಗಾಂಡಾ ಬಂಟು ಕುಟುಂಬದ್ದು, ಲೆಬ್‌ಲಾಂಗೊ ನೈಲೋಟಿಕ್ ಕುಟುಂಬದ್ದು. ಒಂದು ಬಲ್ಲವನಿಗೆ ಇನ್ನೊಂದು ಒಂದಕ್ಷರವೂ ಅರ್ಥವಾಗುವುದಿಲ್ಲ. ಉಗಾಂಡಾದಲ್ಲಿ ಇಂಥ ಭಾಷೆಗಳು 40ಕ್ಕೂ ಹೆಚ್ಚಿವೆ. ಎಲ್ಲದರ ಮೇಲೆ ಕೂತಿರುವುದು ಇಂಗ್ಲಿಷ್.

2000ದ ಮೊದಲ ವರ್ಷಗಳಲ್ಲಿ ಈ ಸೀಮೆ ಯುದ್ಧದ ಪೆಟ್ಟು ತಿಂದಿತ್ತು. ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡುಕೋರರ ಪಡೆ 2004ರ ಫೆಬ್ರುವರಿಯಲ್ಲಿ ಲಿರಾ ಹತ್ತಿರದ ಬಾರ್ಲೊನ್ಯೊ ನಿರಾಶ್ರಿತರ ಶಿಬಿರಕ್ಕೆ ನುಗ್ಗಿ ನೂರಾರು ಜನರನ್ನು ಕೊಂದಿತು. ಹಳ್ಳಿ ಬಿಟ್ಟು ಶಿಬಿರ ಸೇರಿದ್ದವರು ವಾಪಸ್ ಬಂದು ಹೊಲ ಮನೆ ಸರಿ ಮಾಡಿಕೊಂಡು, ಶಾಲೆಗಳೂ ಒಂದು ದಾರಿಗೆ ಬರುವಷ್ಟರಲ್ಲಿ ಆ ದಶಕವೇ ಮುಗಿಯುತ್ತಾ ಬಂದಿತ್ತು.

ಅದಕ್ಕೂ ಮೊದಲು, 1997ರಲ್ಲಿ, ಉಗಾಂಡಾ ಸರ್ಕಾರ ಪ್ರಾಥಮಿಕ ಶಾಲೆಯ ಫೀಸು ತೆಗೆದುಹಾಕಿತ್ತು. ಒಂದೇ ವರ್ಷದಲ್ಲಿ ದಾಖಲಾತಿ ಸುಮಾರು 30 ಲಕ್ಷದಿಂದ 50 ಲಕ್ಷ ದಾಟಿತು. ಅಷ್ಟು ವೇಗವಾಗಿ ಕೋಣೆ ಬೆಳೆಯಲಿಲ್ಲ, ಟೀಚರೂ ಬೆಳೆಯಲಿಲ್ಲ. ಈ ಅಧ್ಯಯನಕ್ಕೆ ಶಾಲೆಗಳನ್ನು ಆರಿಸುವಾಗ ಒಂದು ಷರತ್ತು ಇಟ್ಟಿದ್ದರು: ಒಂದರಿಂದ ಮೂರನೇ ಕ್ಲಾಸಿನ ತನಕ ಒಬ್ಬ ಟೀಚರಿಗೆ 135ಕ್ಕಿಂತ ಹೆಚ್ಚು ಮಕ್ಕಳು ಇರಬಾರದು. ಆ ಸಂಖ್ಯೆ ಇನ್ನೊಮ್ಮೆ ಓದಿ. 135 ಅನ್ನುವುದು ಮೇಲಿನ ಮಿತಿ. ಅದರೊಳಗೆ ಬಂದ ಶಾಲೆ "ಪರವಾಗಿಲ್ಲ" ಅನ್ನಿಸಿಕೊಂಡ ಶಾಲೆ.

2007ರಲ್ಲಿ ಉಗಾಂಡಾ ಹೊಸ ಪಠ್ಯಕ್ರಮ ತಂದಿತು. ಮೊದಲ ಮೂರು ವರ್ಷ ಆಯಾ ಸೀಮೆಯ ಭಾಷೆಯಲ್ಲಿ ಪಾಠ, ನಾಲ್ಕನೇ ಕ್ಲಾಸು ಇಂಗ್ಲಿಷಿಗೆ ಹೊರಳುವ ವರ್ಷ, ಐದರಿಂದ ಪೂರ್ತಿ ಇಂಗ್ಲಿಷ್. ಕಾಗದದಲ್ಲಿ ಚೆನ್ನಾಗಿದೆ. ಆದರೆ ಲೆಬ್‌ಲಾಂಗೊದಲ್ಲಿ ಮಕ್ಕಳು ಓದುವ ಪುಸ್ತಕ ಇರಲಿಲ್ಲ ಅನ್ನುವಷ್ಟು ಕಡಿಮೆ ಇತ್ತು. ಟೀಚರುಗಳು ತಾವೇ ಓದಿದ್ದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಆಡುವ ಭಾಷೆಯನ್ನು ಹಲಗೆ ಮೇಲೆ ಬರೆಯಬೇಕು ಅಂದರೆ ಅವರ ಕೈ ತಡವರಿಸುತ್ತಿತ್ತು. ತಂದೆ ತಾಯಿಗೋ, ಇಂಗ್ಲಿಷ್ ಯಾವಾಗ ಶುರು ಮಾಡುತ್ತೀರಿ ಅನ್ನುವ ಒಂದೇ ಪ್ರಶ್ನೆ. ಏಳನೇ ಕ್ಲಾಸಿನ ಕೊನೆಯಲ್ಲಿ ಬರುವ ಸರ್ಕಾರಿ ಪರೀಕ್ಷೆ ಇಂಗ್ಲಿಷಿನಲ್ಲೇ ಇರುವಾಗ ಅವರನ್ನು ದೂರುವುದೂ ಕಷ್ಟ, ಅಲ್ವಾ?

ಭಾಷೆಯಲ್ಲೇ ಒಂದು ತೊಡಕೂ ಇದೆ. ಲೆಬ್‌ಲಾಂಗೊದಲ್ಲಿ ಹತ್ತು ಸ್ವರಗಳಿವೆ. ನಾಲಿಗೆಯ ಬುಡವನ್ನು ಮುಂದೆ ತಳ್ಳಿ ಆಡುವ ಐದು, ತಳ್ಳದೆ ಆಡುವ ಐದು. ರೂಢಿಯ ಬರವಣಿಗೆಯಲ್ಲಿ ಇವಕ್ಕೆಲ್ಲ ಇರುವುದು ರೋಮನ್ ಲಿಪಿಯ ಐದೇ ಸ್ವರಾಕ್ಷರ. ಇದರ ಮೇಲೆ ಧ್ವನಿಯ ಏರಿಳಿತವೂ ಅರ್ಥ ಬದಲಿಸುತ್ತೆ, ಅದನ್ನು ಬರೆಯುವುದೇ ಇಲ್ಲ. ಹಾಗಾಗಿ ಅಕ್ಷರ ಕೂಡಿಸಿದ ಮಾತ್ರಕ್ಕೆ ಪದ ಬಾಯಿಗೆ ಬರುವುದಿಲ್ಲ. ಅದು ಯಾವ ಪದ ಅಂತ ಮಗು ತನ್ನ ಮಾತಿನ ತಿಳಿವಳಿಕೆಯಿಂದ ಹಿಡಿಯಬೇಕು. ಭಾಷೆ ಮನೆಯದೇ ಆದರೆ ಹಿಡಿಯಬಹುದು, ಪರಭಾಷೆಯಾದರೆ ಆಗದ ಮಾತು.

ಪೂರ್ತಿ ರೂಪ, ಅಗ್ಗದ ರೂಪ

ಇಲ್ಲಿಗೆ ಬಂದದ್ದು ಮ್ಯಾಂಗೊ ಟ್ರೀ ಎಂಬ ಸಂಸ್ಥೆ. ಶಾಲೆಗೆ ಬೇಕಾದ ಕಲಿಕಾ ಸಾಮಗ್ರಿ ಮಾಡುತ್ತಿದ್ದ ಖಾಸಗಿ ಸಂಸ್ಥೆ ಅದು. ನಾರ್ದರ್ನ್ ಉಗಾಂಡಾ ಲಿಟರಸಿ ಪ್ರಾಜೆಕ್ಟ್ ಅಂತ ಹೆಸರಿಟ್ಟು ಲೆಬ್‌ಲಾಂಗೊದಲ್ಲೇ ಓದು-ಬರಹ ಕಲಿಸುವ ಕಾರ್ಯಕ್ರಮ ಕಟ್ಟಿದರು. ಮಕ್ಕಳಿಗೆ ಅಕ್ಷರಮಾಲೆ ಪುಸ್ತಕ, ಓದುವ ಪುಸ್ತಕ. ಟೀಚರಿಗೆ ಪ್ರತಿ ಪಾಠವನ್ನೂ ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟ ಕೈಪಿಡಿ. ರಜೆಯಲ್ಲಿ ಟೀಚರುಗಳನ್ನು ಕರೆದು, ಅಲ್ಲೇ ಉಳಿಸಿಕೊಂಡು ತರಬೇತಿ. ಆಮೇಲೆ ಸಂಸ್ಥೆಯವರೇ ತರಗತಿಗೆ ಬಂದು, ಹಿಂದೆ ಕೂತು ನೋಡಿ, ಎಲ್ಲಿ ತಪ್ಪುತ್ತಿದೆ ಅಂತ ಹೇಳುವುದು. ಪ್ರತಿ ಮಗುವಿಗೆ ಸ್ಲೇಟು. ಒಂದೊಂದು ಹೆಜ್ಜೆಗೂ ಇಷ್ಟಿಷ್ಟು ನಿಮಿಷ ಅಂತ ಇದ್ದದ್ದರಿಂದ ಗೋಡೆಗೊಂದು ಗಡಿಯಾರ.

ಇದು ಪೂರ್ತಿ ರೂಪ. ಒಂದು ಮಗುವಿಗೆ ಸುಮಾರು 20 ಡಾಲರ್ ಖರ್ಚು.

ಸರ್ಕಾರ ಇದನ್ನೇ ಕೈಗೆತ್ತಿಕೊಂಡು ಇಡೀ ಸೀಮೆಗೆ ಹಬ್ಬಿಸಿದರೆ ಹೇಗಿರುತ್ತದೋ ಹಾಗೆ ಇನ್ನೊಂದು ರೂಪವನ್ನೂ ಮಾಡಿದರು. ಪುಸ್ತಕ ಅದೇ, ಕೈಪಿಡಿ ಅದೇ. ತರಬೇತಿ ಮಾತ್ರ ಸರ್ಕಾರದ ಮೇಲ್ವಿಚಾರಕರ ಮೂಲಕ. ಉಗಾಂಡಾದಲ್ಲಿ ಇವರನ್ನು ಕೋಆರ್ಡಿನೇಟಿಂಗ್ ಸೆಂಟರ್ ಟ್ಯೂಟರ್ ಅನ್ನುತ್ತಾರೆ, ಹತ್ತಿರ ಹತ್ತಿರ ನಮ್ಮ ಸಿಆರ್‌ಪಿ, ಅಂದರೆ ಒಂದು ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ, ಇದ್ದ ಹಾಗೆ. ಸಂಸ್ಥೆಯವರು ಇವರಿಗೆ ಕಲಿಸುವುದು, ಇವರು ಟೀಚರಿಗೆ ಕಲಿಸುವುದು. ನಮ್ಮ ಕಡೆ ಮಾಸ್ಟರ್ ಟ್ರೈನರ್, ಆಮೇಲೆ ತಾಲ್ಲೂಕು, ಆಮೇಲೆ ಕ್ಲಸ್ಟರ್ ಅಂತ ತರಬೇತಿ ಇಳಿದು ಬರುವುದನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಕೊನೆ ಮೆಟ್ಟಿಲಿಗೆ ಬರುವಾಗ ಹಾಲಿಗಿಂತ ನೀರೇ ಜಾಸ್ತಿ. ಅಗ್ಗದ ರೂಪದಲ್ಲಿ ತರಗತಿಗೆ ಬಂದು ನೋಡುವುದೂ ಕಡಿಮೆಯಾಯಿತು. ಸ್ಲೇಟು ಇಲ್ಲ, ಗಡಿಯಾರ ಇಲ್ಲ. ಮಗುವಿಗೆ ಸುಮಾರು 7 ಡಾಲರ್.

38 ಶಾಲೆಗಳನ್ನು ಎಲ್ಲರ ಎದುರೇ ಚೀಟಿ ಎತ್ತಿಸಿ ಮೂರು ಗುಂಪು ಮಾಡಿದರು. ಒಂದಕ್ಕೆ ಪೂರ್ತಿ ರೂಪ, ಒಂದಕ್ಕೆ ಅಗ್ಗದ ರೂಪ, ಇನ್ನೊಂದು ಹಿಂದೆ ಹೇಗಿತ್ತೋ ಹಾಗೆ. ಚೀಟಿ ಎತ್ತುವುದರಲ್ಲಿ ಒಂದು ಲಾಭ ಇದೆ. ಉತ್ಸಾಹಿ ಹೆಡ್‌ಮಾಸ್ಟರ್ ಇರುವ ಶಾಲೆಗಳೆಲ್ಲ ಒಂದೇ ಕಡೆ ಸೇರಿ ಲೆಕ್ಕ ಕೆಡುವ ಭಯ ಇಲ್ಲ. ಒಂದನೇ ಕ್ಲಾಸಿನ ಮಕ್ಕಳನ್ನು ವರ್ಷದ ಶುರುವಿನಲ್ಲಿ ಒಮ್ಮೆ, ಕೊನೆಗೆ ಒಮ್ಮೆ ಪರೀಕ್ಷೆ ಮಾಡಿದರು. ನಡುವೆ ತರಗತಿಗೆ ಹೋಗಿ ಮಕ್ಕಳು ಏನು ಮಾಡುತ್ತಿದ್ದಾರೆ, ಟೀಚರ್ ಏನು ಮಾಡುತ್ತಿದ್ದಾರೆ ಅಂತ ಬರೆದುಕೊಂಡೂ ಬಂದರು.

ಒಂದು ನಿಮಿಷದ ಪರೀಕ್ಷೆ, ಒಂದು ಕಥೆ

ಪರೀಕ್ಷೆ ಹೇಗೆ ನಡೆಯುತ್ತೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮುಂದಿನ ಜಗಳವೆಲ್ಲ ಇಲ್ಲೇ ಇದೆ.

ಓದಿಗೆ ಬಳಸಿದ್ದು ಎಗ್ರಾ. ಚಿಕ್ಕ ಮಕ್ಕಳ ಓದನ್ನು ಅಳೆಯಲು 2000ದ ದಶಕದಲ್ಲಿ ರೂಪಿಸಿದ ಪರೀಕ್ಷೆ, ಆಮೇಲೆ ಹತ್ತಾರು ಬಡ ದೇಶಗಳಿಗೆ ಹೋಯಿತು. ಮಗು ಒಂದೊಂದಾಗಿ ಬಂದು ಪರೀಕ್ಷಕರ ಎದುರು ಕೂರುತ್ತೆ. ಒಂದು ಹಾಳೆಯಲ್ಲಿ 100 ಅಕ್ಷರ, ಹತ್ತು ಸಾಲು. "ಓದು" ಅಂದ ಕೂಡಲೇ ಸಮಯ ಶುರು. ಒಂದು ನಿಮಿಷದಲ್ಲಿ ಎಷ್ಟು ಅಕ್ಷರ ಸರಿ ಹೇಳಿತು ಅಂತ ಎಣಿಕೆ. ಮೊದಲ ಸಾಲಿನ ಹತ್ತೂ ತಪ್ಪಿದರೆ ಅಲ್ಲಿಗೇ ನಿಲ್ಲಿಸುತ್ತಾರೆ, ಮಗುವನ್ನು ಸುಮ್ನೆ ಕಾಡುವುದಿಲ್ಲ. ಆಮೇಲೆ ಗೊತ್ತಿರುವ ಪದ, ಅರ್ಥವಿಲ್ಲದ ಕಟ್ಟು ಪದ, ಒಂದು ಪುಟ್ಟ ಕಥೆ, ಕಥೆಯ ಮೇಲೆ ನಾಲ್ಕೈದು ಪ್ರಶ್ನೆ.

ಬರವಣಿಗೆಯ ಪರೀಕ್ಷೆ ಬೇರೆ. ಮೊದಲು ಹೆಸರು ಬರೆಯಬೇಕು. ಅಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಎರಡು ಹೆಸರು. ಒಂದು ಇಂಗ್ಲಿಷಿನದು. ಇನ್ನೊಂದು ಅಲ್ಲಿನದೇ, ಹುಟ್ಟಿದ ಸಂದರ್ಭ ಹೇಳುವಂಥದ್ದು. ಅವಳಿ ಮಕ್ಕಳ ಬೆನ್ನಿಗೆ ಹುಟ್ಟಿದ ಹುಡುಗ ಒಕೆಲ್ಲೊ, ಹುಡುಗಿಯಾದರೆ ಅಕೆಲ್ಲೊ. ಎರಡೂ ಬರೆದ ಮೇಲೆ, ಗೆಳೆಯರ ಜೊತೆ ಏನು ಮಾಡುವುದು ನಿನಗೆ ಇಷ್ಟ, ಅದರ ಬಗ್ಗೆ ಬರಿ ಅನ್ನುತ್ತಾರೆ. ಬರೆದದ್ದಕ್ಕೆ ಒಟ್ಟಾಗಿ ಒಂದು ಅಂಕ ಕೊಡದೆ ಬಿಡಿ ಬಿಡಿಯಾಗಿ ತೂಗುತ್ತಾರೆ. ಹೇಳಲು ಏನಾದರೂ ಇದೆಯಾ, ಹೊಂದಿಸಿ ಹೇಳಿದೆಯಾ, ಪದ ಸರಿಯಾಗಿ ಆರಿಸಿದೆಯಾ, ವಾಕ್ಯ ಓಡುತ್ತಾ, ಮಗುವಿನ ದನಿ ಕೇಳುತ್ತಾ ಅಂತೆಲ್ಲ.

ಒಂದನೇ ಕ್ಲಾಸಿನ ಮಗುವಿಗೆ ಕಥೆ ಬರಿ ಅನ್ನುವುದು ಜಾಸ್ತಿಯಾಯಿತಲ್ಲವೇ ಅಂತ ಮೊದಲ ಸಲ ಓದಿದಾಗ ನನಗೂ ಅನ್ನಿಸಿತು. ಆದರೆ ಈ ಅಧ್ಯಯನದ ಜೀವ ಇರುವುದೇ ಆ ಪ್ರಶ್ನೆಯಲ್ಲಿ.

ಅಂಕಿ ಏನು ಹೇಳಿತು

ಪೂರ್ತಿ ರೂಪ ಪಡೆದ ಶಾಲೆಗಳ ಮಕ್ಕಳು ಓದಿನಲ್ಲಿ 0.64 ಪ್ರಮಾಣ ವಿಚಲನೆಯಷ್ಟು ಮುಂದೆ ಬಂದರು, ಬರವಣಿಗೆಯಲ್ಲಿ 0.45ರಷ್ಟು. ಈ ಅಳತೆ ರೂಢಿ ಇಲ್ಲದವರಿಗೆ ಒಂದು ಅಂದಾಜು: ಸಾಮಾನ್ಯ ಶಾಲೆಯ 100 ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಡುವಿನ ಮಗು 50ನೇ ಜಾಗದಲ್ಲಿ ಇರುತ್ತೆ. ಅದೇ ಮಗು ಪೂರ್ತಿ ರೂಪದಲ್ಲಿ ಕಲಿತಿದ್ದರೆ ಓದಿನ ಸಾಲಿನಲ್ಲಿ 74ನೇ ಜಾಗದ ಹತ್ತಿರ ಹೋಗಿ ನಿಲ್ಲುತ್ತಿತ್ತು. ಒಂದೇ ವರ್ಷದಲ್ಲಿ ಇಷ್ಟು ಬದಲಾವಣೆ ಶಿಕ್ಷಣದ ಪ್ರಯೋಗಗಳಲ್ಲಿ ಅಪರೂಪ.

ಅಗ್ಗದ ರೂಪದ ಶಾಲೆಗಳಲ್ಲಿ ಓದು ಒಟ್ಟಾರೆ ಮೇಲೆ ಹೋಯಿತು ಅಂತ ಧೈರ್ಯವಾಗಿ ಹೇಳುವ ಹಾಗಿರಲಿಲ್ಲ. ಸಿಕ್ಕ ಚೂರುಪಾರು ಲಾಭ ಆಕಸ್ಮಿಕವೂ ಆಗಿರಬಹುದು. ಬರವಣಿಗೆಯಲ್ಲಿ ಇನ್ನೊಂದು ಆಶ್ಚರ್ಯ. ಹೆಸರು ಬರೆಯುವುದರಲ್ಲಿ ಈ ಮಕ್ಕಳು ಸೋಲಲಿಲ್ಲ. ಆದರೆ ಕಥೆಯ ಮೇಲು ಹಂತದ ಕೆಲವು ಅಂಶಗಳಲ್ಲಿ 0.33ರಷ್ಟು ಹಿಂದೆ ಬಿದ್ದರು. ಹಿಂದೆ ಅಂದರೆ ಯಾರಿಗಿಂತ? ಯಾವ ಕಾರ್ಯಕ್ರಮವೂ ಇಲ್ಲದ ಶಾಲೆಯ ಮಕ್ಕಳಿಗಿಂತ!

ಹೊಸ ಪುಸ್ತಕ ಕೊಟ್ಟರು, ತರಬೇತಿ ಕೊಟ್ಟರು, ಮಗುವಿಗೆ 7 ಡಾಲರ್ ಖರ್ಚು ಮಾಡಿದರು. ಏನೂ ಮಾಡದಿದ್ದರೆ ಆ ಮಕ್ಕಳು ಇನ್ನೂ ಚೆನ್ನಾಗಿ ಬರೆಯುತ್ತಿದ್ದರು.

ಈಗ ಇನ್ನೊಂದು ಲೆಕ್ಕ ಹಾಕೋಣ. ಅಕ್ಷರ ಗುರುತಿಸುವ ಆ ಒಂದು ನಿಮಿಷದ ಪರೀಕ್ಷೆಯನ್ನಷ್ಟೇ ತೆಗೆದುಕೊಳ್ಳಿ. ಅದರಲ್ಲಿ ಪೂರ್ತಿ ರೂಪದ ಲಾಭ ಸುಮಾರು 1.01, ಅಗ್ಗದ ರೂಪದ್ದು ಸುಮಾರು 0.41. ಖರ್ಚಿಗೆ ಭಾಗಿಸಿ. ಪೂರ್ತಿ ರೂಪದಲ್ಲಿ 10 ಡಾಲರಿಗೆ ಸುಮಾರು 0.5 ಲಾಭ. ಅಗ್ಗದ ರೂಪದಲ್ಲಿ ಅದೇ 10 ಡಾಲರಿಗೆ 0.57ರ ಆಸುಪಾಸು. ಅಂದರೆ ಅಕ್ಷರ ಮಾತ್ರ ಅಳೆದಿದ್ದರೆ ಅಗ್ಗದ ರೂಪವೇ ಗೆಲ್ಲುತ್ತಿತ್ತು. ಒಂದು ಪುಟದ ವರದಿ ತಯಾರಾಗುತ್ತಿತ್ತು: ಮೂರನೇ ಒಂದು ಭಾಗದ ಖರ್ಚಿನಲ್ಲಿ, ಕೊಟ್ಟ ದುಡ್ಡಿಗೆ ಜಾಸ್ತಿ ಕಲಿಕೆ, ಇದನ್ನೇ ಎಲ್ಲ ಕಡೆ ಮಾಡೋಣ. ಅಕ್ಷರದ ಅಂಕಿ ಸುಳ್ಳಲ್ಲವಾದ್ದರಿಂದ ಆ ವರದಿಯನ್ನು ಯಾರೂ ತಪ್ಪು ಅನ್ನುವ ಹಾಗೂ ಇರುತ್ತಿರಲಿಲ್ಲ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ವರ್ಷದ ಶುರುವಿನಲ್ಲಿ ಈ ಮಕ್ಕಳಲ್ಲಿ ಬಹುಪಾಲು ಜನ ಓದಿನ ಹೆಚ್ಚಿನ ಭಾಗಗಳಲ್ಲಿ ಸೊನ್ನೆ ಪಡೆದವರು. ಎಲ್ಲರೂ ಸೊನ್ನೆಯ ಹತ್ತಿರ ಗುಂಪಾಗಿ ನಿಂತಿರುವ ಕಡೆ, ಯಾರೋ ನಾಲ್ಕು ಪದ ಓದಿದರೂ ಪ್ರಮಾಣ ವಿಚಲನೆಯ ಲೆಕ್ಕದಲ್ಲಿ ಅದು ದೊಡ್ಡ ಜಿಗಿತವಾಗಿ ಕಾಣುತ್ತೆ. 0.64 ಅಂದ ಕೂಡಲೇ ಮಕ್ಕಳು ಪಟಪಟ ಕಥೆ ಓದುತ್ತಿದ್ದರು ಅಂದುಕೊಳ್ಳಬೇಡಿ. ಓದು ಶುರುವಾಗಿತ್ತು, ಅಷ್ಟೇ. ಹಾಗೇ, ಇದು 38 ಶಾಲೆಗಳ ಒಂದು ವರ್ಷದ ಕಥೆ. ಆಮೇಲೆ ಕಾರ್ಯಕ್ರಮ 128 ಶಾಲೆಗಳಿಗೆ ಬೆಳೆದು ಹಲವು ವರ್ಷ ನಡೆಯಿತು. ಅಲ್ಲಿ ಅಗ್ಗದ ರೂಪದ ಮಕ್ಕಳೂ ಓದಿನಲ್ಲಿ ಮುಂದೆ ಬಂದರು, ಪೂರ್ತಿ ರೂಪದಷ್ಟು ಅಲ್ಲ. ಅಗ್ಗದ್ದೆಲ್ಲ ದಂಡ ಅಂತ ಈ ಪ್ರಕರಣದಿಂದ ತೀರ್ಪು ಕೊಡಲು ಬರುವುದಿಲ್ಲ.

ಸ್ಲೇಟು ಇಲ್ಲದ ಬರವಣಿಗೆ

ಹಾಗಾದರೆ ಬರವಣಿಗೆ ಯಾಕೆ ಕುಸಿಯಿತು?

100 ಮಕ್ಕಳಿರುವ ಕೋಣೆ ನೆನೆಸಿಕೊಳ್ಳಿ. ಮುಂದೆ ಒಂದು ಕಪ್ಪು ಹಲಗೆ. ಟೀಚರ್ ಅಕ್ಷರ ಬರೆಯುತ್ತಾರೆ, ಮಕ್ಕಳು ಒಟ್ಟಾಗಿ ಕೂಗುತ್ತಾರೆ. ಕೂಗಿನಲ್ಲಿ ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ದೇವರಿಗೇ ಗೊತ್ತು. ಹಿಂದಿನ ಸಾಲಿನವನು ಪಕ್ಕದವಳ ಬಾಯಿ ನೋಡಿ ಬಾಯಿ ಆಡಿಸುತ್ತಿರುತ್ತಾನೆ. ಈಗ ಪ್ರತಿ ಮಗುವಿಗೂ ಒಂದು ಸ್ಲೇಟು ಕೊಡಿ. "ಬರೆದು ತೋರಿಸಿ" ಅಂದರೆ 100 ಸ್ಲೇಟು ಮೇಲೆ ಏಳುತ್ತೆ. ಟೀಚರಿಗೆ ಒಂದೇ ನೋಟದಲ್ಲಿ ಕೋಣೆಯ ಸ್ಥಿತಿ ಗೊತ್ತಾಗುತ್ತೆ. ತಿರುಗಾಮುರುಗಾ ಬರೆದವನೂ ಸಿಕ್ಕಿಬೀಳುತ್ತಾನೆ, ಸುಮ್ನೆ ಕೂತವಳೂ. ತಪ್ಪಾದರೆ ಅಂಗೈಯಿಂದ ಒರೆಸಿದರೆ ಆಯಿತು, ಯಾರ ಪುಸ್ತಕದಲ್ಲೂ ಕೆಂಪು ಗುರುತು ಉಳಿಯುವುದಿಲ್ಲ. ಪೆನ್ಸಿಲ್ ಚೂಪು ಮಾಡುವ ಕಾಟ ಇಲ್ಲ, ಹಾಳೆ ಮುಗಿಯುವ ಚಿಂತೆ ಇಲ್ಲ.

ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಸ್ಲೇಟು ಒರೆಸಲು ಕೆಲವರು ಎಲೆ ತರುತ್ತಿದ್ದರು, ಕೆಲವರು ಒದ್ದೆ ಬಟ್ಟೆ. ಉಳಿದವರದು ಉಗುಳು. ಬಳಪ ಮುರಿದರೆ ಅರ್ಧ ಪಕ್ಕದವನಿಗೆ. ದಿನಕ್ಕೆ ಎಷ್ಟು ಸಲ "ಅ" ತಿದ್ದಿದೆವೋ ಲೆಕ್ಕ ಇಟ್ಟವರು ಯಾರು? ತಪ್ಪು ಬರೆದು ಬರೆದು ಒರೆಸಿದ್ದಕ್ಕೆ ಸಾಕ್ಷಿಯೇ ಇಲ್ಲ. ಸ್ಲೇಟಿನ ಉಪಯೋಗ ಅದೇ ಅಂತ ಈಗ ಅನ್ನಿಸುತ್ತೆ.

ಅಗ್ಗದ ರೂಪದ ಶಾಲೆಯಲ್ಲಿ ಪಾಠದ ಕೈಪಿಡಿ ಬದಲಾಗಿಲ್ಲ ಅನ್ನುವುದು ನೆನಪಿರಲಿ. ಬರೆಯುವ ಹೊತ್ತು ಅಂತ ಅದರಲ್ಲಿ ಇದೆ. ಬರೆಯಲು ಕೈಯಲ್ಲಿ ಏನಿದೆ? ಟೀಚರ್ ತಮ್ಮ ಹಳೆ ಪದ್ಧತಿಯನ್ನು ಬಿಟ್ಟಾಯಿತು, ಹೊಸದನ್ನು ನಡೆಸಲು ಬೇಕಾದ ಸಾಮಾನು ಬರಲಿಲ್ಲ. ಆಗ ಕೈಗೆ ಸಿಗುವುದನ್ನೇ ಹಿಡಿಯುತ್ತಾರೆ, ಅಂದರೆ ಹಲಗೆ ನೋಡಿ ಅಕ್ಷರ ಕೂಗಿಸುವುದು. ಹೊತ್ತೆಲ್ಲ ಅಲ್ಲಿ ಖರ್ಚಾದರೆ ಅಕ್ಷರದ ಅಂಕಿ ಮೇಲೆ ಹೋಗುತ್ತೆ, ಕಥೆ ಬರೆಯುವ ಅಭ್ಯಾಸ ತಪ್ಪುತ್ತೆ. ಏನೂ ಬದಲಾಗದ ಶಾಲೆಯ ಟೀಚರು ಹಳೆ ದಾರಿಯಲ್ಲೇ ನೋಟ್‌ಬುಕ್ಕಿನಲ್ಲಿ ಏನೋ ಬರೆಸುತ್ತಿದ್ದರು, ಅದೇ ವಾಸಿಯಾಯಿತು.

ಇದು ನಾನು ಅರ್ಥ ಮಾಡಿಕೊಂಡ ರೀತಿ. ಸಂಶೋಧಕರು ಇನ್ನೂ ಬಿಗಿಯಾಗಿ ಹೇಳುತ್ತಾರೆ: ಇಂಥ ಕಾರ್ಯಕ್ರಮದ ತುಂಡುಗಳು ಒಂದರ ಮೇಲೊಂದು ನಿಂತಿರುತ್ತವೆ, ಒಂದನ್ನು ಎಳೆದರೆ ಅದರ ಬೆಲೆಯಷ್ಟೇ ಕಳೆಯುವುದಿಲ್ಲ. ಸ್ಲೇಟು ಒಂದರಿಂದಲೇ ಇಷ್ಟೆಲ್ಲ ಆಯಿತು ಅಂತ ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ, ಯಾಕೆಂದರೆ ತರಬೇತಿಯ ರೀತಿ, ತರಗತಿಯ ಭೇಟಿ, ಗಡಿಯಾರ, ಸ್ಲೇಟು ಎಲ್ಲವೂ ಒಟ್ಟಿಗೆ ಬದಲಾಗಿದ್ದವು. ಸ್ಲೇಟಿಗೂ ಗಡಿಯಾರಕ್ಕೂ ತಲಾ ಒಂದು ಗುಂಪು ಮಾಡಬೇಕಿತ್ತು ಅನ್ನಬಹುದು. ಹಾಗೆ ಮಾಡಲು 38 ಶಾಲೆ ಸಾಲುತ್ತಿರಲಿಲ್ಲ.

ತಾಯ್ನುಡಿಯ ವಾದಕ್ಕೆ ಇದು ಸಾಕ್ಷಿಯೇ?

ಕನ್ನಡ ಮಾಧ್ಯಮದ ಪರ ಮಾತಾಡುವ ಗೆಳೆಯರೊಬ್ಬರಿಗೆ ಈ ಅಧ್ಯಯನದ ಬಗ್ಗೆ ಹೇಳಿದಾಗ ಅವರು ತಕ್ಷಣ, "ನೋಡಿ, ಮಾತೃಭಾಷೆಯಲ್ಲಿ ಕಲಿಸಿದರೆ ಹೀಗೇ" ಅಂದರು. ನನಗೂ ಹಾಗೇ ಅನ್ನುವ ಆಸೆ. ಆದರೆ ಈ ಅಧ್ಯಯನ ಅದನ್ನು ಹೇಳುವುದಿಲ್ಲ. ಮೂರೂ ಗುಂಪಿನ ಶಾಲೆಗಳಿಗೂ ಸರ್ಕಾರದ ನಿಯಮ ಒಂದೇ, ಮೊದಲ ಮೂರು ವರ್ಷ ಲೆಬ್‌ಲಾಂಗೊದಲ್ಲಿ ಪಾಠ. ಭಾಷೆ ಎಲ್ಲ ಕಡೆ ಒಂದೇ ಇದ್ದು, ಕಲಿಸುವ ಏರ್ಪಾಡು ಮಾತ್ರ ಬೇರೆ ಇತ್ತು. ತಾಯ್ನುಡಿ ಇದ್ದೂ ಏರ್ಪಾಡು ಅರೆಬರೆಯಾದರೆ ಏನಾಗುತ್ತೆ ಅನ್ನುವುದಕ್ಕೆ ಬೇಕಾದರೆ ಇದು ಸಾಕ್ಷಿ.

ಭಾಷೆಯನ್ನೇ ನೇರವಾಗಿ ಹೋಲಿಸಿದ ಒಂದು ಪ್ರಯೋಗ ಪಕ್ಕದ ಕೆನ್ಯಾದಲ್ಲಿ 2013-14ರಲ್ಲಿ ನಡೆಯಿತು, ಪ್ರೈಮರ್ ಎಂಬ ಕಾರ್ಯಕ್ರಮದ ಅಡಿಯಲ್ಲಿ. ಕೆಲವು ಶಾಲೆಗಳಿಗೆ ಇಂಗ್ಲಿಷ್ ಮತ್ತು ಕಿಸ್ವಾಹಿಲಿಯ ಪುಸ್ತಕ, ತರಬೇತಿ. ಇನ್ನು ಕೆಲವಕ್ಕೆ ಅದೇ ಏರ್ಪಾಡಿನ ಜೊತೆ ಕಿಕಾಂಬಾ ಅಥವಾ ಲುಬುಕುಸು ಎಂಬ ಅಲ್ಲಿನ ಭಾಷೆಯ ಪಾಠವೂ ಸೇರಿತು. ತಾಯ್ನುಡಿಯ ಓದಿನಲ್ಲಿ ಎರಡನೇ ಗುಂಪು ಸ್ಪಷ್ಟವಾಗಿ ಮುಂದೆ ಬಂತು. ಆದರೆ ಅದರಿಂದ ಇಂಗ್ಲಿಷಿಗಾಗಲೀ ಕಿಸ್ವಾಹಿಲಿಗಾಗಲೀ ಹೆಚ್ಚುವರಿ ಲಾಭ ಕಾಣಲಿಲ್ಲ. ಗಣಿತದಲ್ಲಿ ಕೊಂಚ ಹಿಂದೆಯೇ ಉಳಿದರು. ತಾಯ್ನುಡಿ ವಿರೋಧಿಗಳು ಇದನ್ನು ಎತ್ತಿ ತೋರಿಸುವುದುಂಟು. ಅದೇ ವರದಿಯಲ್ಲಿ ಇನ್ನೊಂದು ಸಾಲೂ ಇದೆ: ಆ ಶಾಲೆಗಳಲ್ಲಿ ಬೇರೆ ವಿಷಯಗಳ ಪಾಠಕ್ಕೆ ತಾಯ್ನುಡಿಯನ್ನು ಬಳಸುವುದು ಹೆಚ್ಚುಕಮ್ಮಿ ಮೊದಲಿನಷ್ಟೇ ಇತ್ತು. ಗಣಿತವನ್ನು ತಾಯ್ನುಡಿಯಲ್ಲಿ ಕಲಿಸದೆ, ತಾಯ್ನುಡಿಯಿಂದ ಗಣಿತಕ್ಕೆ ಲಾಭ ಆಯಿತಾ ಅಂತ ಕೇಳಿದ ಹಾಗಾಯಿತು. ಎರಡೂ ಕಡೆಯವರು ತಮಗೆ ಬೇಕಾದ ಸಾಲಿಗೆ ಮಾತ್ರ ಬಣ್ಣ ಹಚ್ಚಿಕೊಂಡು ಓದುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಕನ್ನಡಕ್ಕೆ ತಂದರೆ

ಲೆಬ್‌ಲಾಂಗೊ ಬರೆಯುವುದು ರೋಮನ್ ಲಿಪಿಯಲ್ಲಿ. ಅಕ್ಷರ ಇಪ್ಪತ್ತು ಚಿಲ್ಲರೆ. ಒಂದು ವರ್ಷದಲ್ಲಿ ಅಷ್ಟೂ ಕಲಿಸಿ, ಒಂದು ನಿಮಿಷದ ಪರೀಕ್ಷೆಯಲ್ಲಿ ಅಳೆಯಬಹುದು. ಕನ್ನಡಕ್ಕೆ ಈ ಅಳತೆಗೋಲು ಹೊಂದುವುದಿಲ್ಲ. ನಮ್ಮ ಮಗು 49 ಅಕ್ಷರ ಕಲಿತರೆ ಕೆಲಸ ಅರ್ಧವೂ ಮುಗಿದಿಲ್ಲ. ಕಾಗುಣಿತ ಇದೆ, ಒತ್ತಕ್ಷರ ಇದೆ, ಅರ್ಕಾವತ್ತು ಇದೆ. ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವ ರೂಪಗಳನ್ನು ಲೆಕ್ಕ ಹಾಕಿದರೆ 400 ದಾಟುತ್ತೆ.

ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕನ್ನಡ ಮಕ್ಕಳು ಅಕ್ಷರ ಕಲಿಯುವ ವೇಗದ ಬಗ್ಗೆ ಅವರ ಲೇಖನ ಬಂದದ್ದು 2007ರಲ್ಲಿ. ಇಂಗ್ಲಿಷಿನಲ್ಲಿ ಒಂದೆರಡು ವರ್ಷಕ್ಕೆ ಮುಗಿಯುವ ಅಕ್ಷರ ಕಲಿಕೆ ಕನ್ನಡದಲ್ಲಿ ನಾಲ್ಕನೇ ಕ್ಲಾಸಿನವರೆಗೂ ನಡೆಯುತ್ತಲೇ ಇರುತ್ತೆ ಅನ್ನುವುದು ಅವರು ಕಂಡದ್ದು. ಇದು ಗೊತ್ತಿಲ್ಲದೆ ಎರಡನೇ ಕ್ಲಾಸಿನ ಮಗುವಿಗೆ ಒತ್ತಕ್ಷರ ಬರಲಿಲ್ಲ ಅಂತ ಬೈದರೆ ಅನ್ಯಾಯ. ಮೂಲಾಕ್ಷರ ಪಟಪಟ ಹೇಳಿತು ಅಂತ ಓದು ಬಂತು ಅಂದುಕೊಂಡರೂ ಮೋಸ.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಮೊದಲು. ಐದೇ ಅಕ್ಷರದಲ್ಲಿ ಅರಸ, ಸರ, ಗರಗಸ ಅಂತ ಪದ ಕಟ್ಟಬಹುದು, ಬರೆಯಲೂ ಒಂದಕ್ಕೊಂದು ಹತ್ತಿರ. ಜಾಣ ಯೋಚನೆ. ಜೊತೆಗೆ ಗೋಡೆಯುದ್ದಕ್ಕೂ ಮಕ್ಕಳ ಎತ್ತರಕ್ಕೆ ಸಿಗುವ ಕಪ್ಪು ಹಲಗೆ ಇರಬೇಕು ಅಂತ ಅದರ ಕಲ್ಪನೆ. ನಾನು ನೋಡಿದ ಒಂದು ಶಾಲೆಯಲ್ಲಿ ಆ ಹಲಗೆಯ ಮೇಲೆ ಹೊಸ ಬಣ್ಣ ಬಳಿದು ಹಣ್ಣು ತರಕಾರಿಯ ಚಿತ್ರ ಬರೆಸಿದ್ದರು. ಬಹಳ ಚಂದ ಇತ್ತು. ಮಕ್ಕಳು ಬರೆಯುವ ಜಾಗ ಹೋಗಿತ್ತು.

ಉಗಾಂಡಾದ ಆ ಪರೀಕ್ಷೆಯನ್ನು ಮನೆಯಲ್ಲೇ ಒಂದು ಸಲ ಮಾಡಿ ನೋಡಿದೆ. ಅಕ್ಕನ ಮಗಳು, ಎರಡನೇ ಕ್ಲಾಸು. ಮೂಲಾಕ್ಷರಗಳನ್ನು ಅಡ್ಡಾದಿಡ್ಡಿಯಾಗಿ ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟೆ. ಒಂದೂ ತಪ್ಪಲಿಲ್ಲ, ನಿಮಿಷ ಮುಗಿಯುವ ಮೊದಲೇ ಹಾಳೆ ಮುಗಿಸಿ, "ಇನ್ನೂ ಇದೆಯಾ ಮಾಮ?" ಅಂದಳು. ಫ್ರೆಂಡ್ಸ್ ಜೊತೆ ಏನು ಮಾಡೋದು ಇಷ್ಟ, ಬರಿ ಪುಟ್ಟಾ ಅಂದೆ. ಪೆನ್ಸಿಲ್ ಕಚ್ಚಿಕೊಂಡು ಹತ್ತು ನಿಮಿಷ ಕೂತಳು. ಕೊನೆಗೆ ಬಂದದ್ದು ಒಂದು ಸಾಲು:

"ನಾನು ಪುಟಿ ಕುಟೆಬಿಲೆ ಆಡುತೇವೆ."

ಒತ್ತು ಒಂದೂ ಇಲ್ಲ, ಕುಂಟೆಬಿಲ್ಲೆಯ ಸೊನ್ನೆಯೂ ಬಿದ್ದುಹೋಗಿದೆ. ಆದರೆ ಪುಟ್ಟಿ ಯಾರು ಅಂತ ಕೇಳಿದ್ದಕ್ಕೆ ಅರ್ಧ ಗಂಟೆ ಹೇಳಿದಳು. ಪುಟ್ಟಿ ಮೋಸ ಮಾಡುವುದು, ಗೆರೆ ತುಳಿದರೂ ತುಳಿದಿಲ್ಲ ಅನ್ನುವುದು, ಆಮೇಲೆ ಟೂ ಬಿಟ್ಟದ್ದು, ಮಾರನೇ ದಿನ ಪುಟ್ಟಿಯೇ ನೆಲ್ಲಿಕಾಯಿ ತಂದು ರಾಜಿ ಆದದ್ದು. ಅದನ್ನೂ ಬರಿ ಅಂದೆ. ನೋಟ್‌ಬುಕ್ಕಿನಲ್ಲಿ ಬೇಡ, ತಪ್ಪಾದರೆ ಮಿಸ್ ನೋಡುತ್ತಾರೆ ಅಂದಳು. ಅಟ್ಟದ ಮೇಲಿಂದ ಅವಳಮ್ಮನ ಹಳೆ ಸ್ಲೇಟು ಇಳಿಸಿ ಕೊಟ್ಟೆ, ಮೂಲೆ ಒಡೆದದ್ದು. ಬಳಪ ಇರಲಿಲ್ಲ, ಸೀಮೆಸುಣ್ಣದಲ್ಲೇ ಶುರು ಮಾಡಿದಳು.